ಸೆಕೆ, ಧಗೆ, ಪುಳುಕ್ಕಂ: ಹೊಸೂರು ಸೀಮೆಯ ಬೇಸಿಗೆಯ ಮಾತುಗಳು

ಧ್ವನಿ ಕೇಳಿಸ್ತಾ ಇದೆ ಅಂದ್ಕೊಂಡು ಶುರು ಮಾಡ್ತೀನಿ. ಹಿಂದೆ ಫ್ಯಾನಿನ ಸದ್ದು ಬರ್ತಾ ಇದ್ರೆ ದಯವಿಟ್ಟು ಸಹಿಸಿಕೊಳ್ಳಿ, ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿ ಮಾತಾಡೋದು ಈ ಕೋಣೆಯಲ್ಲಿ ಆಗದ ಕೆಲಸ.

ಬೇಸಿಗೆ ಅಂದ ತಕ್ಷಣ ನಮ್ಮ ವಿಭಾಗದಲ್ಲಿ ಅಷ್ಟಾದಶ ವರ್ಣನೆಗಳು ನೆನಪಾಗುತ್ತವೆ. ಚಂಪೂ ಕಾವ್ಯಗಳಲ್ಲಿ ಋತುವರ್ಣನೆ ಇರಲೇಬೇಕಾದ ಅಂಗ, ಅದರಲ್ಲಿ ಗ್ರೀಷ್ಮಕ್ಕೂ ಒಂದು ಪಾಲು. ನಾನು ಆ ದಾರಿ ಹಿಡಿಯಲಿಲ್ಲ. ಹೊಸೂರು, ದೆಂಕಣಿಕೋಟೆ, ತಳಿ ಕಡೆಯ ಕನ್ನಡದ ಮನೆಗಳಲ್ಲಿ ಎ.ಸಿ. ಇಲ್ಲದೆ ಬೇಸಿಗೆ ಕಳೆಯುವವರು ಆಡುವ ಮಾತುಗಳನ್ನು ನೋಡಬೇಕು ಅನ್ನಿಸಿತು. ಆ ಮಾತುಗಳಲ್ಲಿ ವರ್ಣನೆಗಿಂತ ಹೆಚ್ಚಾಗಿ ಕೆಲಸದ ತಿಳಿವಳಿಕೆ ಇದೆ ಎಂಬುದು ನನ್ನ ವಾದ.

ಮೊದಲು ಜಾಗದ ಬಗ್ಗೆ ಎರಡು ಮಾತು. ಹೊಸೂರು ಹೆಚ್ಚುಕಮ್ಮಿ ಬೆಂಗಳೂರಿನಷ್ಟೇ ಎತ್ತರದಲ್ಲಿದೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್. ಅಲ್ಲಿಂದ ಶೂಳಗಿರಿ ದಾಟಿ 50 ಕಿ.ಮೀ. ಹೋದರೆ ಕೃಷ್ಣಗಿರಿ, ಅದು ಸುಮಾರು 500 ಮೀಟರ್. ಸಾವಿರ ಮೀಟರಿಗೆ ಆರೂವರೆ ಡಿಗ್ರಿ ಎಂಬ ಸಾಮಾನ್ಯ ಲೆಕ್ಕ ಹಿಡಿದರೆ ಈ ಇಳಿತಕ್ಕೆ ಎರಡೂವರೆ ಡಿಗ್ರಿ ತಾಪ ಏರುತ್ತದೆ. ಮಧ್ಯಾಹ್ನದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರಿಗೆ ಈ ಲೆಕ್ಕ ಬೇಕಾಗಿಲ್ಲ, ಶೂಳಗಿರಿ ದಾಟಿದ ಮೇಲೆ ಮುಖಕ್ಕೆ ಹೊಡೆಯೋ ಗಾಳಿಯೇ ಬೇರೆ.

ಈಗ ಪದಗಳಿಗೆ ಬರೋಣ. ನಮ್ಮ ಬಿಸಿಲು ತಮಿಳಿನ ವೆಯಿಲ್, ನಮ್ಮ ಬೆವರು ಅವರ ವಿಯರ್ವೈ, ನಮ್ಮ ಬೇಯುವುದು ಅವರ ವೇಗುವುದು. ತಮಿಳಿನ ವಕಾರಕ್ಕೆ ಕನ್ನಡದ ಬಕಾರ, ಭಾಷಾವಿಜ್ಞಾನದ ಮೊದಲ ವರ್ಷದ ಪಾಠ. ಆದರೆ ಸೆಕೆಗೆ ಹೀಗೆ ಜೋಡಿ ಸಿಗೋದಿಲ್ಲ. ತಮಿಳಿನವರು ಪುಳುಕ್ಕಂ ಅಂತಾರೆ, ನಮ್ಮ ಕೇರಿಯ ತೆಲುಗಿನವರು ಉಕ್ಕ ಅಂತಾರೆ. ನಮ್ಮ ಮನೆಯಲ್ಲಿ ಮೂರೂ ಓಡಾಡುತ್ತವೆ. ಅಜ್ಜಿ ‘ಬಿಸಿಲು’ ಅಂದರೆ ಹೊರಗೆ ಹೋಗಬೇಡ ಅಂತ ಅರ್ಥ. ‘ಧಗೆ’ ಅಂದರೆ ನೆಲ, ಗೋಡೆ, ಸೂರು ಕಾದು ಒಳಕ್ಕೆ ಬಿಡುತ್ತಿರುವ ಕಾವು. ‘ಸೆಕೆ’ ಅಂದರೆ ಬೆವರು ಬರುತ್ತಿದೆ, ಆರುತ್ತಿಲ್ಲ. ಹವಾಮಾನ ವರದಿ ‘ಆರ್ದ್ರತೆ’ ಅನ್ನೋದನ್ನೇ ಅವರು ಇಲ್ಲಿ ಹೇಳ್ತಿರೋದು. ‘ಈವತ್ತು ಆರ್ದ್ರತೆ ಜಾಸ್ತಿ ಕಣೋ’ ಅಂತ ಯಾರೂ ಅಂದದ್ದನ್ನು ನಾನಂತೂ ಕೇಳಿಲ್ಲ.

ಈ ವ್ಯತ್ಯಾಸ ಯಾಕೆ ಮುಖ್ಯ? ದೇಹ ತಣ್ಣಗಾಗೋದು ಬೆವರಿನಿಂದಲ್ಲ, ಬೆವರು ಆರುವುದರಿಂದ. ಗಾಳಿ ಒಣಗಿದ್ದರೆ ಬೆವರು ಬೇಗ ಆರುತ್ತದೆ, ಹಸಿಯಾಗಿದ್ದರೆ ಆರದೆ ಮೈಮೇಲೇ ನಿಲ್ಲುತ್ತದೆ. ಮಡಕೆಯ ನೀರು ತಣ್ಣಗಾಗೋದೂ ಹೀಗೆಯೇ, ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುತ್ತಾ ಒಳಗಿನ ಕಾವನ್ನು ಹೊತ್ತುಕೊಂಡು ಹೋಗುತ್ತದೆ. ಏಪ್ರಿಲ್‌ನಲ್ಲಿ ಬಾಗಿಲಿಗೆ ಒದ್ದೆ ಗೋಣಿಚೀಲ ಕಟ್ಟಿದರೆ ಕೋಣೆ ನಿಜಕ್ಕೂ ತಂಪಾಗುತ್ತದೆ. ಮೇ ತಿಂಗಳಲ್ಲಿ ಒಂದು ಮಳೆ ಬಿದ್ದ ಮಾರನೇ ದಿನ ಅದನ್ನೇ ಕಟ್ಟಿದರೆ ಸೆಕೆ ಹೆಚ್ಚಾಗುತ್ತದೆ. ಅಮ್ಮ ಮೊದಲ ಮಳೆಯಾದ ಮೇಲೆ ಗೋಣಿಚೀಲ ಬಿಚ್ಚಿ ಮಡಚಿ ಇಟ್ಟುಬಿಡುತ್ತಾರೆ. ‘ಧಗೆಗೆ ನೀರು, ಸೆಕೆಗೆ ಗಾಳಿ’ ಅನ್ನೋದು ಅವರ ಲೆಕ್ಕ. ಮೊಬೈಲಿನಲ್ಲಿ ಹರಿದಾಡೋ ಬೇಸಿಗೆ ಸಲಹೆಗಳಲ್ಲಿ ಈ ಭೇದ ಕಾಣೋದೇ ಇಲ್ಲ. ಗಾಳಿಗೂ ಮಿತಿ ಇದೆ. ಕೋಣೆಯ ಗಾಳಿಯೇ 40 ಡಿಗ್ರಿ ದಾಟಿದರೆ ಫ್ಯಾನು ಮೈ ತಣಿಸುವ ಬದಲು ಇನ್ನಷ್ಟು ಕಾಯಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಸುತ್ತದೆ.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟವಾದದ್ದು. ತಮಿಳಿನಲ್ಲಿ ಮೇ 4ರ ಸುಮಾರಿಗೆ ಶುರುವಾಗಿ 28ರವರೆಗೆ ಇರುವ ಕಾಲ ‘ಅಗ್ನಿ ನಕ್ಷತ್ರಂ’, ಕತ್ತಿರಿ ವೆಯಿಲ್ ಅಂತಲೂ ಕರೀತಾರೆ. ಸೂರ್ಯ ಭರಣಿಯ ಮೂರನೇ ಪಾದದಿಂದ ಕೃತ್ತಿಕೆಯನ್ನು ದಾಟಿ ರೋಹಿಣಿಯ ಮೊದಲ ಪಾದ ಮುಗಿಸುವ ದಿನಗಳವು. ಕೃತ್ತಿಕೆಯ ದೇವತೆ ಅಗ್ನಿ. ಅದೇ ಸೂರ್ಯ, ಅದೇ ನಕ್ಷತ್ರ, ಅದೇ ದಿನಗಳಿಗೆ ಕನ್ನಡದ ರೈತರ ಹೆಸರು ಭರಣಿ ಮಳೆ, ಕೃತ್ತಿಕೆ ಮಳೆ. ಭರಣಿಗೂ ಧರಣಿಗೂ ಪ್ರಾಸ ಕಟ್ಟಿದ ಗಾದೆ ನಿಮಗೆಲ್ಲ ಗೊತ್ತಿರುತ್ತದೆ. ಒಂದೇ ಕಾಲವನ್ನು ಒಂದು ಭಾಷೆ ಬೆಂಕಿಯಿಂದ ಗುರುತಿಸಿದರೆ ಇನ್ನೊಂದು ಮಳೆಯಿಂದ ಗುರುತಿಸುತ್ತದೆ. ಚೆನ್ನೈ, ವೇಲೂರು ಕಡೆಗೆ ಮೊದಲನೆಯದು ಸರಿ, ಮೈಸೂರು ಸೀಮೆಗೆ ಎರಡನೆಯದು ಸರಿ. ಹೊಸೂರಿನಲ್ಲಿ ಎರಡೂ ಸರಿ. ಮಧ್ಯಾಹ್ನ ಕತ್ತಿರಿ, ಸಂಜೆ ಗುಡುಗಿ ಭರಣಿ, ರಾತ್ರಿ ಮೋಡ ಮುಚ್ಚಿಕೊಂಡು ಪುಳುಕ್ಕಂ. ನಮ್ಮ ಚಿಕ್ಕಪ್ಪ ಬಿತ್ತನೆ ಮಾತಾಡುವಾಗ ಭರಣಿ ಅಂತಾರೆ, ಮಗಳ ಮದುವೆ ದಿನ ನೋಡುವಾಗ ‘ಅಗ್ನಿ ನಕ್ಷತ್ರದಲ್ಲಿ ಬೇಡ’ ಅಂತಾರೆ. ಅವರಿಗೆ ಇದರಲ್ಲಿ ಗೊಂದಲವೇನೂ ಇಲ್ಲ.

ಆದರೆ ಈ ತಿಳಿವಳಿಕೆ ಎಲ್ಲರಿಗೂ ಒಂದೇ ರೀತಿ ಉಪಯೋಗಕ್ಕೆ ಬರುತ್ತಾ? ಇಲ್ಲ. ಇಲ್ಲಿ ನಮ್ಮಣ್ಣನ ವಿಷಯ ಹೇಳಬೇಕು.

ನಮ್ಮ ಹಳ್ಳಿ ಮನೆ ಮಾಳಿಗೆ ಮನೆ. ದಪ್ಪ ಮಣ್ಣಿನ ಗೋಡೆ, ತೊಲೆ ಜಂತೆ, ಮೇಲೆ ಮಣ್ಣು. ಬಿಸಿಲಿನ ಕಾವು ಆ ಮಣ್ಣು ದಾಟಿ ಒಳಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ. ಹಾಗಾಗಿ ಹಗಲು ಒಳಗೆ ತಂಪು, ರಾತ್ರಿ ಜಗುಲಿಯಲ್ಲೋ ಅಂಗಳದಲ್ಲೋ ಮಲಗೋದು. ಹೊಸೂರಿನಲ್ಲಿ ನಾವಿರುವ ವಠಾರದ್ದು ಸಿಮೆಂಟ್ ಶೀಟು. ಅದು ಕಾಯೋದೂ ಬೇಗ, ಆರೋದೂ ಬೇಗ. ಬೆಳಿಗ್ಗೆ ಹತ್ತಕ್ಕೆಲ್ಲ ಧಗೆ ಶುರು, ರಾತ್ರಿ ಹತ್ತರ ಹೊತ್ತಿಗೆ ಪರವಾಗಿಲ್ಲ. ಆರ್‌ಸಿಸಿ ತಾರಸಿ ಮೂರನೇ ಬಗೆ, ಹಗಲೆಲ್ಲ ಕಾವು ಕುಡಿದು ಅರ್ಧರಾತ್ರಿವರೆಗೂ ಬಿಡ್ತಾ ಇರುತ್ತೆ. ಶೀಟಿನ ಕೋಣೆ ಕಟ್ಟಿದವರ ಮನಸ್ಸಿನಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರುವ ಬಾಡಿಗೆದಾರ ಇದ್ದಿರಬೇಕು. ಹೊಸೂರು ಮಾತ್ರ ಪಾಳಿಯ ಊರು. ಅಣ್ಣ ಸಿಪ್ಕಾಟ್ ಕಡೆಯ ಒಂದು ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಏಳೂವರೆಗೆ ಬಂದು ಮಲಗ್ತಾನೆ, ಅಂದರೆ ಕೋಣೆ ಕಾಯುವ ಹೊತ್ತಿಗೆ ಸರಿಯಾಗಿ. ಹನ್ನೊಂದಕ್ಕೆ ಎದ್ದು ಕೂರ್ತಾನೆ. ನಿದ್ದೆ ಕೆಟ್ಟವನು ಸಂಜೆ ಮತ್ತೆ ಯಂತ್ರದ ಮುಂದೆ ನಿಲ್ಲಬೇಕು. ಅಮ್ಮನ ಭಯ ಬಿಸಿಲಿನದಲ್ಲ, ಆ ಯಂತ್ರದ್ದು.

ಭಾರತೀಯ ಹವಾಮಾನ ಇಲಾಖೆ ಬಯಲುಸೀಮೆಯಲ್ಲಿ ಗರಿಷ್ಠ ತಾಪ 40 ಡಿಗ್ರಿ ಮುಟ್ಟಿದ ಮೇಲೆ ಮಾತ್ರ ಉಷ್ಣ ಅಲೆಯ ಮಾತಾಡುತ್ತದೆ, ಗುಡ್ಡಗಾಡಿಗೆ 30. ಅಳೆಯೋದು ನೆರಳಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ. ಈ ಪ್ರಸ್ಥಭೂಮಿಯಲ್ಲಿ 40 ಮುಟ್ಟೋದು ಅಪರೂಪ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು ನಗರ ಕಂಡದ್ದು 39.2. 2024ರ ಅಕ್ಟೋಬರಿನಲ್ಲಿ ತಮಿಳುನಾಡು ಸರ್ಕಾರ ಉಷ್ಣ ಅಲೆಯನ್ನು ರಾಜ್ಯದ ವಿಪತ್ತು ಅಂತ ಘೋಷಿಸಿತು, ಸತ್ತವರ ಕುಟುಂಬಕ್ಕೆ 4 ಲಕ್ಷ ಪರಿಹಾರವೂ ಉಂಟು. ಒಳ್ಳೆಯ ಹೆಜ್ಜೆಯೇ. ಆದರೆ ‘ವೆಪ್ಪ ಅಲೈ’ ಎಂಬ ಆ ಪದ ಹೊರಗಿನ ಬಿಸಿಲನ್ನು ಹಿಡಿಯುತ್ತದೆ, ಶೀಟಿನ ಕೆಳಗಿನ ಧಗೆಯನ್ನು ಹಿಡಿಯೋದಿಲ್ಲ. ಧಗೆಗೆ ಸರ್ಕಾರಿ ಭಾಷೆಯಲ್ಲಿ ಹೆಸರು ಇಲ್ಲ, ಆದ್ದರಿಂದ ಲೆಕ್ಕವೂ ಇಲ್ಲ.

ವಠಾರದವರು ಏನು ಮಾಡ್ತಾರೆ? ಶೀಟಿನ ಮೇಲೆ ನೀರು ಎರಚೋದು ಎಲ್ಲರಿಗೂ ಗೊತ್ತು, ಕೆಲಸವೂ ಮಾಡುತ್ತದೆ, ಅರ್ಧ ಗಂಟೆ. ನೀರು ಟ್ಯಾಂಕರಿನದಾದರೆ ಯಾರೂ ಎರಚೋದಿಲ್ಲ. ತೆಂಗಿನ ಗರಿ ಹೊದಿಸಿದರೆ ನೆರಳಾಗುತ್ತದೆ, ಬೆಂಕಿಯ ಭಯ ಇದೆ. ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಉತ್ತಮ ಸುಣ್ಣ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ. ತೆಲಂಗಾಣ 2023ರಲ್ಲಿ ಇದಕ್ಕೇ ‘ತಂಪು ಚಾವಣಿ’ ನೀತಿ ತಂದಿತು. ಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸಿ ಎರಡು ಸಲ ಬಳಿದರೆ ಒಂದು ಬೇಸಿಗೆ ನಡೆಯುತ್ತದೆ, ಭರಣಿ ಮಳೆ ಜೋರಾಗಿ ಹೊಡೆದರೆ ಮಾತ್ರ ಮತ್ತೊಂದು ಸಲ ಬಳೀಬೇಕು. ತೊಡಕು ಏನಂದ್ರೆ ಸೂರು ಮಾಲೀಕರದ್ದು, ಧಗೆ ಬಾಡಿಗೆದಾರರದ್ದು. ನಮ್ಮ ವಠಾರದ ಎಂಟು ಮನೆಯವರು ಸೇರಿ ಕೇಳಿದ ಮೇಲೆ ಒಪ್ಪಿದರು, ಖರ್ಚು ನಮ್ಮದು ಅನ್ನೋ ಕರಾರಿನ ಮೇಲೆ. ಅಣ್ಣ ಈಗ ಒಂದು ಗಂಟೆವರೆಗೆ ಮಲಗ್ತಾನೆ.

ಊಟದ ಬಗ್ಗೆ ಬೇಗ ಮುಗಿಸ್ತೀನಿ, ಎಲ್ಲರಿಗೂ ಗೊತ್ತಿರೋದೇ. ರಾಗಿ ಅಂಬಲಿ, ಉಪ್ಪು ಹಾಕಿದ ನೀರುಮಜ್ಜಿಗೆ, ಎಳನೀರು. ಕೃಷ್ಣಗಿರಿ ಮಾವಿನ ಸೀಮೆ, ಆದರೆ ‘ಉಷ್ಣ’ ಅಂತ ಅಜ್ಜಿ ಹಣ್ಣನ್ನು ನೀರಲ್ಲಿ ನೆನೆಸದೆ ಕೊಡೋದಿಲ್ಲ. ಬೀದಿಯಲ್ಲಿ ರಾಜಕೀಯ ಪಕ್ಷದವರು ಹಾಕುವ ತಣ್ಣೀರ್ ಪಂದಲ್‌ಗೆ ನಮ್ಮಜ್ಜಿ ಇನ್ನೂ ಅರವಟ್ಟಿಗೆ ಅಂತಲೇ ಅನ್ನೋದು. ಆ ಪದದ ಮೊದಲ ‘ಅಱ’ವೂ ತಮಿಳಿನ ‘ಅಱಂ’ ಕೂಡ ಧರ್ಮವೇ. ತಮಿಳಿನ ಹೆಸರಿನಲ್ಲಿ ನೀರು, ಚಪ್ಪರ ಮಾತ್ರ ಇದೆ. ಧರ್ಮ ಕನ್ನಡದ ಹೆಸರಿನಲ್ಲಿ ಉಳಿದಿದೆ, ತಮಿಳಿನ ನೆಂಟನಾಗಿ.

ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ: ಎಲ್ಲರ ಮನೆಗೂ ಎ.ಸಿ. ಬಂದರೆ ಈ ಪದಗಳು ಹೋಗ್ತವಾ ಅಂತ. ಒಳ್ಳೆ ಪ್ರಶ್ನೆ ಮೇಡಂ. ನಮ್ಮ ಪಕ್ಕದ ಮನೆಗೆ ಹೋದ ವರ್ಷ ಎ.ಸಿ. ಬಂತು. ಅದರ ಹೊರಗಿನ ಪೆಟ್ಟಿಗೆ ನಮ್ಮ ಓಣಿಯ ಕಡೆ ಮುಖ ಮಾಡಿದೆ, ಅವರ ಕೋಣೆಯ ಕಾವೆಲ್ಲ ಅಲ್ಲಿಂದ ಹೊರಗೆ ಬೀಳುತ್ತದೆ. ಒಲೆ ಮುಂದೆ ಕೂತಾಗ ಮುಖಕ್ಕೆ ತಾಗುವುದಕ್ಕೆ ನಮ್ಮಲ್ಲಿ ಝಳ ಅಂತಾರೆ. ವಠಾರದಲ್ಲಿ ಈಗ ಆ ಗಾಳಿಗೂ ಝಳ ಅಂತಲೇ ಹೆಸರು. ಎದುರು ಮನೆಯ ತಮಿಳು ಅಕ್ಕ ಅದನ್ನು ಅನಲ್ ಅಂತಾರೆ. ಬಟ್ಟೆ ಬೇಗ ಒಣಗುತ್ತೆ ಅಂತ ಇಬ್ಬರೂ ಅಲ್ಲೇ ಹಗ್ಗ ಕಟ್ಟಿದ್ದಾರೆ.