ಪೋಕೆ ಬಾಲ್‌ನೊಳಗಿನ ನಾಲ್ಕು ಕವಡೆ

‘ಪೋಕೆಮಾನ್ ಆಟದಲ್ಲಿ ಚೆಂಡು ಎಸೆದ ಮೇಲೆ ಅದು ಅಲುಗಾಡುವಷ್ಟು ಹೊತ್ತೂ ಬಿ ಬಟನ್ ಒತ್ತಿ ಹಿಡಿದಿದ್ದರೆ ಒಳಗಿನ ಪ್ರಾಣಿ ತಪ್ಪಿಸಿಕೊಳ್ಳುವುದಿಲ್ಲ ಅಂತ ನನ್ನ ಮಗ ಹಟ ಹಿಡಿಯುತ್ತಾನೆ. ಇದಕ್ಕೇನಾದರೂ ಆಧಾರ ಇದೆಯೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ.

ಆಧಾರ ಇಲ್ಲ. ಆದರೆ ಇಷ್ಟಕ್ಕೇ ಉತ್ತರ ಮುಗಿಸಲು ಮನಸ್ಸು ಒಪ್ಪುತ್ತಿಲ್ಲ. ಈ ನಂಬಿಕೆ ಆ ಹುಡುಗನೊಬ್ಬನದಲ್ಲ. ಒಬ್ಬರ ಪರಿಚಯ ಒಬ್ಬರಿಗಿಲ್ಲದ ಊರೂರಿನ ಮಕ್ಕಳು, ಇಂಟರ್ನೆಟ್ ಮನೆಮನೆಗೆ ಬರುವ ಮೊದಲೇ, ಇಂಥದ್ದೇ ಉಪಾಯಗಳನ್ನು ಕಟ್ಟಿಕೊಂಡಿದ್ದರು. ಕೆಲವರು ಪ್ರತಿ ಅಲುಗಾಟಕ್ಕೂ ಸರಿಯಾಗಿ ಎ ಒತ್ತುತ್ತಿದ್ದರು, ಕೆಲವರು ಬಿ ಜೊತೆ ಕೆಳಬಾಣವನ್ನೂ ಒತ್ತುತ್ತಿದ್ದರು. ಇಷ್ಟು ಜನ ಒಂದೇ ಬಗೆಯಲ್ಲಿ ಯಾಕೆ ನಂಬಿದರು ಎನ್ನುವುದು ವಿಜ್ಞಾನಕ್ಕೆ ಸೇರಿದ ಪ್ರಶ್ನೆ. ಆ ಕೆಂಪು-ಬಿಳಿ ಚೆಂಡಿನೊಳಗೆ ನಿಜಕ್ಕೂ ನಡೆಯುವ ಲೆಕ್ಕವಂತೂ ಯಾವ ಉಪಾಯಕ್ಕಿಂತಲೂ ಚೆಂದ.

ಆಟ ಹುಟ್ಟಿದ್ದು ಜಪಾನಿನಲ್ಲಿ, 1996ರ ಫೆಬ್ರವರಿ 27ರಂದು, ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಎಂಬ ಅಂಗೈ ಯಂತ್ರಕ್ಕಾಗಿ. ಇದರ ಹಿಂದಿನ ತಲೆ ಸತೋಷಿ ತಾಜಿರಿಯದು. ಟೋಕಿಯೋದ ಅಂಚಿನ ಮಾಚಿದಾದಲ್ಲಿ ಗದ್ದೆ, ಕೆರೆ, ಕಾಡುಗಳು ಇನ್ನೂ ಉಳಿದಿದ್ದ ಕಾಲದಲ್ಲಿ ಕೀಟಗಳನ್ನು ಹಿಡಿಯುತ್ತ ಬೆಳೆದವರು ಅವರು. ಆ ಹೊಲಗದ್ದೆಗಳ ಮೇಲೆ ಕಟ್ಟಡಗಳು ಎದ್ದವು. ಮುಂದೆ, ಎರಡು ಗೇಮ್ ಬಾಯ್‌ಗಳನ್ನು ಜೋಡಿಸುವ ಕೇಬಲ್ ನೋಡಿದಾಗ ಅದರ ಮೇಲೆ ಹುಳವೊಂದು ಒಂದು ಯಂತ್ರದಿಂದ ಇನ್ನೊಂದಕ್ಕೆ ಹರಿದುಹೋಗುವಂತೆ ಅವರಿಗೆ ಕಂಡಿತು. ನಾಣ್ಯ ಹಾಕಿ ತಿರುಗಿಸಿದರೆ ಪ್ಲಾಸ್ಟಿಕ್ ಗುಂಡಿನೊಳಗೆ ಆಟಿಕೆ ಕೊಡುವ ಯಂತ್ರಗಳು ಜಪಾನಿನ ಬೀದಿಗಳಲ್ಲಿ ಮೊದಲೇ ಇದ್ದವು. ಕೀಟ ಹಿಡಿಯುವ ಆಸೆ, ಈ ಗುಂಡು ಎರಡೂ ಸೇರಿ ಪೋಕೆ ಬಾಲ್ ಆಯಿತು.

ಗೇಮ್ ಬಾಯ್‌ನ ಪ್ರೊಸೆಸರ್ 8 ಬಿಟ್‌ನದು, ಕೆಲಸ ಮಾಡಲು ಇದ್ದ ಮೆಮೊರಿ 8 ಕಿಲೋಬೈಟ್. ಚೆಂಡು ಬಿದ್ದಾಗ ಪ್ರಾಣಿ ಸಿಕ್ಕಿತೋ ಇಲ್ಲವೋ ಎಂದು ಇಷ್ಟರಲ್ಲೇ ತೀರ್ಮಾನಿಸಬೇಕು. ಮೊದಲ ಆಟದ ವಿಧಾನ ಹೀಗಿದೆ. (ಅಭಿಮಾನಿಗಳು ಕಾರ್ಟ್ರಿಜ್‌ನೊಳಗಿನ ಯಂತ್ರಭಾಷೆಯನ್ನು ಬಿಡಿಸಿ ಸಾಲುಸಾಲಾಗಿ ಬರೆದಿಟ್ಟಿರುವುದರಿಂದ ಇದರಲ್ಲಿ ಊಹೆಗೆ ಜಾಗವಿಲ್ಲ.) ಪ್ರತಿ ಜಾತಿಗೂ ಒಂದು ‘ಹಿಡಿತದ ಅಂಕ’ ಇದೆ. ಕ್ಯಾಟರ್‌ಪೀ ಎಂಬ ಕಂಬಳಿಹುಳಕ್ಕೆ 255, ಪಿಕಾಚುಗೆ 190, ಎಲ್ಲರಿಗಿಂತ ಬಲಶಾಲಿಯಾದ ಮ್ಯೂಟೂಗೆ ಬರೀ 3. ಸಾದಾ ಚೆಂಡು ಎಸೆದರೆ ಯಂತ್ರ 0ರಿಂದ 255ರೊಳಗೆ ಒಂದು ಸಂಖ್ಯೆ ಎತ್ತುತ್ತದೆ. ದುಬಾರಿ ಅಲ್ಟ್ರಾ ಬಾಲ್‌ಗಾದರೆ 0ರಿಂದ 150ರೊಳಗೆ. ಆ ಸಂಖ್ಯೆ ಹಿಡಿತದ ಅಂಕವನ್ನು ಮೀರಿದರೆ ಕಥೆ ಅಲ್ಲಿಗೇ ಮುಗಿಯಿತು. ಮೀರದಿದ್ದರೆ ಎರಡನೇ ಪರೀಕ್ಷೆ. ಅದರಲ್ಲಿ ಪ್ರಾಣಿಯ ಶಕ್ತಿ ಎಷ್ಟು ಉಳಿದಿದೆ ಎಂಬುದು ಲೆಕ್ಕಕ್ಕೆ ಬರುತ್ತದೆ.

ಪ್ರಾಣಿ ನಿದ್ದೆ ಮಾಡುತ್ತಿದ್ದರೆ ಮೊದಲ ಸಂಖ್ಯೆಯಿಂದ 25 ಕಳೆಯುತ್ತಾರೆ. ಸೊನ್ನೆಗಿಂತ ಕೆಳಗೆ ಹೋಯಿತೋ, ಬೇರೆ ಪರೀಕ್ಷೆಯೇ ಇಲ್ಲದೆ ಪ್ರಾಣಿ ನಿಮ್ಮದು. ಇದರ ಪರಿಣಾಮ ದೊಡ್ಡದು. ಪೂರ್ತಿ ಶಕ್ತಿಯಿಂದ ಎಚ್ಚರವಾಗಿರುವ ಮ್ಯೂಟೂ ಸಾದಾ ಚೆಂಡಿಗೆ ಸಿಗುವ ಸಂಭವ ಶೇ. 0.5. ಅದನ್ನು ಮಲಗಿಸಿ ಅಲ್ಟ್ರಾ ಬಾಲ್ ಎಸೆದರೆ, ಒಂದೇ ಒಂದು ಏಟು ಕೊಡದಿದ್ದರೂ, ಶೇ. 17ಕ್ಕಿಂತ ಹೆಚ್ಚು. ಗಂಟೆಗಟ್ಟಲೆ ಹೊಡೆದು ಶಕ್ತಿ ಇಳಿಸುತ್ತಿದ್ದ ಮಕ್ಕಳು ತಮ್ಮ ಬಳಿಯ ಪ್ರಾಣಿಯಿಂದ ಒಂದು ಹಾಡು ಹಾಡಿಸಿ ಮಲಗಿಸಿದ್ದರೆ ಸಾಕಿತ್ತು. ಇನ್ನೊಂದು ವಿಷಯ: ಸಾದಾ ಚೆಂಡಿನ ಮಟ್ಟಿಗೆ ಶಕ್ತಿ ಮೂರನೇ ಒಂದಕ್ಕೆ ಇಳಿದ ಮೇಲೆ ಇನ್ನಷ್ಟು ಹೊಡೆಯುವುದರಿಂದ ಏನೂ ಲಾಭವಿಲ್ಲ. ಎರಡನೇ ಪರೀಕ್ಷೆಯ ಅಂಕ ಅಷ್ಟರಲ್ಲೇ ಗರಿಷ್ಠ ಮುಟ್ಟಿರುತ್ತದೆ.

ಹಾಗಾದರೆ ಅಲುಗಾಟ? ಮೊದಲ ಆಟದಲ್ಲಿ ಅದು ಬರೀ ತೋರಿಕೆ. ಪ್ರಾಣಿ ತಪ್ಪಿಸಿಕೊಂಡಿತು ಎಂದು ತೀರ್ಮಾನವಾದ ಮೇಲೆ ಯಂತ್ರ ಬೇರೊಂದು ಲೆಕ್ಕ ಹಾಕಿ ಚೆಂಡು ಎಷ್ಟು ಸಲ ಅಲುಗಬೇಕು ಎಂದು ನಿರ್ಧರಿಸುತ್ತಿತ್ತು. ಫಲಿತಾಂಶ ಬಂದಾದ ಮೇಲಿನ ನಾಟಕ ಅದು.

1999ರ ‘ಗೋಲ್ಡ್’, ‘ಸಿಲ್ವರ್’ ಆಟಗಳದ್ದು ಬೇರೆಯದೇ ಕಥೆ. ಅಲ್ಲಿ ಪ್ರಾಣಿಗೆ ವಿಷ ಏರಿದ್ದರೆ, ಸುಟ್ಟಗಾಯ ಆಗಿದ್ದರೆ, ಲಕ್ವ ಹೊಡೆದಿದ್ದರೆ ಹಿಡಿಯಲು ಸ್ವಲ್ಪ ಅನುಕೂಲ ಸಿಗಬೇಕೆಂಬುದು ತಯಾರಕರ ಉದ್ದೇಶವಾಗಿತ್ತು. ಪ್ರೋಗ್ರಾಂನಲ್ಲಿ ನುಸುಳಿದ ಒಂದು ತಪ್ಪಿನಿಂದ ಆ ಅನುಕೂಲ ಎಂದೂ ಜಾರಿಗೆ ಬರಲೇ ಇಲ್ಲ. ಮಕ್ಕಳು ವರ್ಷಗಟ್ಟಲೆ ಪ್ರಾಣಿಗಳಿಗೆ ಲಕ್ವ ಹೊಡೆಸಿ ಚೆಂಡು ಎಸೆದರು, ಅದರಿಂದಲೇ ಸಿಕ್ಕಿತೆಂದು ಸಂತೋಷಪಟ್ಟರು. ಕೆಲಸ ಮಾಡುವ ಉಪಾಯಕ್ಕೂ ಮಾಡದ ಉಪಾಯಕ್ಕೂ ಇರುವ ಭೇದ ಬರೀ ಅನುಭವದಿಂದ ಗೊತ್ತಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ನನಗೆ ಬಹಳ ಮೆಚ್ಚುಗೆಯಾದದ್ದು 2002ರ ‘ರೂಬಿ’, ‘ಸಫೈರ್’ ಆಟಗಳಿಂದ ಬಂದ ಲೆಕ್ಕ. ಇಲ್ಲಿ ಅಲುಗಾಟಕ್ಕೆ ಅರ್ಥ ಬಂತು. ಹಿಡಿತದ ಅಂಕ, ಚೆಂಡಿನ ಗುಣ, ಉಳಿದ ಶಕ್ತಿ, ನಿದ್ದೆ ಎಲ್ಲವನ್ನೂ ಸೇರಿಸಿ ಮೊದಲು ಒಂದೇ ಅಂಕ ಮಾಡುತ್ತಾರೆ. ಅದು 255 ಅಥವಾ ಹೆಚ್ಚಾದರೆ ಪ್ರಾಣಿ ಸಿಕ್ಕಂತೆಯೇ. ಕಡಿಮೆಯಾದರೆ, ಆ ಅಂಕವನ್ನು 255ರಿಂದ ಭಾಗಿಸಿದಾಗ ಬರುವುದೇ ಸಿಗುವ ಸಂಭವ ಆಗಬೇಕು. ಒಂದು ಸಲ ದಾಳ ಹಾಕಿ ಇದನ್ನು ಮುಗಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಆ ಸಂಭವದ ವರ್ಗಮೂಲ ತೆಗೆದು, ಅದರ ವರ್ಗಮೂಲವನ್ನು ಇನ್ನೊಮ್ಮೆ ತೆಗೆದು, ಬಂದ ಸಂಖ್ಯೆಯನ್ನು ಇಟ್ಟುಕೊಂಡು ನಾಲ್ಕು ಸಲ ಪರೀಕ್ಷೆ ಮಾಡಿದರು. ನಾಲ್ಕರಲ್ಲೂ ಗೆದ್ದರೆ ಮಾತ್ರ ಪ್ರಾಣಿ ಸಿಗುತ್ತದೆ.

ಚೌಕಾಬಾರ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೈಯಲ್ಲಿ ನಾಲ್ಕು ಕವಡೆ. ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ. ಒಂದೊಂದು ಕವಡೆ ಬಾಯಿ ಮೇಲಾಗಿ ಬೀಳುವ ಸಂಭವ ಅರ್ಧ ಎಂದುಕೊಳ್ಳಿ (ನಿಜವಾದ ಕವಡೆ ಅಷ್ಟು ನಿಷ್ಪಕ್ಷಪಾತಿಯಲ್ಲ, ಅದರ ಬೆನ್ನು ಉಬ್ಬಿರುತ್ತದೆ, ಹುಣಸೆಬೀಜವನ್ನು ಉಜ್ಜಿ ಆಡುವವರಿಗೂ ಇದು ಗೊತ್ತು). ನಾಲ್ಕೂ ಹಾಗೆಯೇ ಬೀಳುವ ಸಂಭವ ಅರ್ಧದ ಅರ್ಧದ ಅರ್ಧದ ಅರ್ಧ, ಅಂದರೆ 16ರಲ್ಲಿ 1. ಈಗ ಲೆಕ್ಕವನ್ನು ಹಿಂದುಮುಂದು ಮಾಡಿ. ಚೌಕ ಬೀಳುವುದು 16ಕ್ಕೆ ಒಂದು ಸಲ ಆಗಬೇಕು, ಹಾಗಾದರೆ ಒಂದೊಂದು ಕವಡೆ ಎಷ್ಟು ಒಲವಿನದಾಗಿರಬೇಕು? 16ರ ವರ್ಗಮೂಲ 4, ಅದರ ವರ್ಗಮೂಲ 2, ಆದ್ದರಿಂದ ಅರ್ಧ. ಪೋಕೆ ಬಾಲ್ ಮಾಡುವುದು ಇದನ್ನೇ. ಪ್ರತಿ ಎಸೆತಕ್ಕೂ ಆ ಪ್ರಾಣಿಗೆ ತಕ್ಕ ಹೊಸ ಕವಡೆಗಳನ್ನು ಕೆತ್ತಿ, ನಾಲ್ಕನ್ನು ಉರುಳಿಸುತ್ತದೆ. ಮೊದಲ ಕವಡೆಯೇ ಬೋರಲಾದರೆ ಚೆಂಡು ಅಲುಗದೆಯೇ ಒಡೆಯುತ್ತದೆ. ಒಂದು ಸರಿಬಿದ್ದರೆ ಒಂದು ಅಲುಗಾಟ, ಮೂರು ಸರಿಬಿದ್ದರೆ ಮೂರು ಅಲುಗಾಟ. ನಾಲ್ಕನೆಯದೂ ಸರಿಬಿದ್ದರೆ ‘ಟಿಕ್’ ಎಂದು ಮುಚ್ಚಿಕೊಳ್ಳುತ್ತದೆ.

ಈ 16 ನಾನು ಸುಮ್ಮನೆ ಆರಿಸಿದ ಸಂಖ್ಯೆಯಲ್ಲ. ಆ ಆಟಗಳಲ್ಲಿ ಬೇಗನ್ ಎಂಬ ಮರಿ ಡ್ರ್ಯಾಗನ್ ಇದೆ, ಹಿಡಿತದ ಅಂಕ 45. ಶಕ್ತಿ ಪೂರ್ತಿ ಇರುವಾಗ ಅಂಕ ಮೂರನೇ ಒಂದಾಗುತ್ತದೆ, ಅಂದರೆ 15. ಸೂತ್ರದ ಪ್ರಕಾರ ಸಂಭವ 255ರಲ್ಲಿ 15, ಅಂದರೆ 17ಕ್ಕೆ 1. ಆದರೆ ಆ ಪುಟ್ಟ ಯಂತ್ರ ವರ್ಗಮೂಲ ತೆಗೆಯುವಾಗ ಪ್ರತಿ ಹಂತದಲ್ಲೂ ದಶಾಂಶವನ್ನು ಕೈಬಿಡುತ್ತದೆ. ಹಾಗೆ ಕೈಬಿಟ್ಟು ಬಂದ ಕೊನೆಯ ಸಂಖ್ಯೆ 65,536ರಲ್ಲಿ 32,767. ಕೂದಲೆಳೆಯಷ್ಟು ಕಡಿಮೆ, ಅಷ್ಟೇ, ಅದು ಅರ್ಧವೇ. ಬೇಗನ್‌ಗೆ ಸಾದಾ ಚೆಂಡು ಎಸೆದವರು, ತಮಗೆ ಗೊತ್ತಿಲ್ಲದೆ, ನಿಷ್ಪಕ್ಷಪಾತ ಕವಡೆಗಳಿಂದ ಚೌಕ ಬೀಳಿಸಲು ನೋಡುತ್ತಿದ್ದರು.

ಮ್ಯೂಟೂವಿನ ಲೆಕ್ಕದಲ್ಲಿ ಇದರ ಸೊಗಸು ಇನ್ನೂ ಚೆನ್ನಾಗಿ ಕಾಣುತ್ತದೆ. 2004ರ ‘ಫೈರ್‌ರೆಡ್’ನಲ್ಲಿ ಪೂರ್ತಿ ಶಕ್ತಿಯ ಮ್ಯೂಟೂಗೆ ಬರುವ ಅಂಕ 1. ಸೂತ್ರದಂತೆ ಸಿಗುವ ಸಂಭವ 255ಕ್ಕೆ 1, ದಶಾಂಶ ಬಿಟ್ಟದ್ದರಿಂದ 240ಕ್ಕೆ 1ರ ಸುಮಾರು. ಆದರೆ ಒಂದೊಂದು ಅಲುಗಾಟದ ಸಂಭವ ನಾಲ್ಕಕ್ಕೆ 1ರಷ್ಟು! ಅಸಾಧ್ಯ ಎನ್ನಿಸುವ ಪ್ರಾಣಿಯೂ ನಾಲ್ಕು ಚೆಂಡಿಗೊಮ್ಮೆ ಅಲುಗಿ ಆಸೆ ಹುಟ್ಟಿಸುತ್ತದೆ. ಮುಂದೆ 2010ರ ‘ಬ್ಲ್ಯಾಕ್’, ‘ವೈಟ್’ ಆಟಗಳಲ್ಲಿ ಅಪರೂಪಕ್ಕೊಮ್ಮೆ ನಾಲ್ಕರ ಬದಲು ಒಂದೇ ಪರೀಕ್ಷೆ ಸಾಕಾಗುವಂತೆ ಮಾಡಿದರು. ಒಂದು ಕವಡೆ ಸರಿಬಿದ್ದರೆ ಗೆಲುವು. ಎಷ್ಟು ಹೆಚ್ಚು ಜಾತಿಗಳನ್ನು ಹಿಡಿದಿದ್ದೀರೋ ಈ ಯೋಗ ಅಷ್ಟು ಹೆಚ್ಚು.

ಈಗ ಬಟನ್ ವಿಷಯ. ರೂಬಿ ಮತ್ತು ಅದರ ನಂತರದ ಆಟಗಳಲ್ಲಿ ನಾಲ್ಕೂ ಪರೀಕ್ಷೆಗಳು ಕಣ್ಣೆವೆ ಮುಚ್ಚುವುದರೊಳಗೆ, ಒಂದರ ಹಿಂದೆ ಒಂದು, ಮುಗಿದುಹೋಗುತ್ತವೆ. ಚೆಂಡು ಅಲುಗಲು ಶುರುವಾಗುವ ಹೊತ್ತಿಗೆ ಉತ್ತರ ಬಂದಾಗಿರುತ್ತದೆ. ಆಮೇಲೆ ಯಾವ ಬಟನ್ ಒತ್ತಿದರೂ ಅದನ್ನು ಓದುವ ಸಾಲೇ ಪ್ರೋಗ್ರಾಂನಲ್ಲಿ ಇಲ್ಲ.

ಆದರೆ ಹುಡುಗನ ಪರವಾಗಿ ಒಂದು ಮಾತು ಹೇಳಬೇಕು. ಕಂಪ್ಯೂಟರಿಗೆ ನಿಜವಾದ ಆಕಸ್ಮಿಕ ಗೊತ್ತಿಲ್ಲ. 1949ರಲ್ಲಿ ಅಮೆರಿಕದ ಗಣಿತಜ್ಞ ಡೆರಿಕ್ ಹೆನ್ರಿ ಲೇಮರ್ ಒಂದು ಉಪಾಯ ಮುಂದಿಟ್ಟರು. ಒಂದು ಸಂಖ್ಯೆಯನ್ನು ಇನ್ನೊಂದು ಸಂಖ್ಯೆಯಿಂದ ಗುಣಿಸಿ, ಮತ್ತೊಂದರಿಂದ ಭಾಗಿಸಿ, ಬಂದ ಶೇಷವನ್ನೇ ಮುಂದಿನ ಸಲಕ್ಕೆ ಬಳಸುತ್ತ ಹೋಗುವುದು. ಸಾಲು ನೋಡಿದರೆ ಗೊತ್ತುಗುರಿಯಿಲ್ಲದಂತೆ ಕಾಣುತ್ತದೆ, ಆದರೆ ಪೂರ್ತಿ ನಿಗದಿತ. ಗುಣಿಸಿದ ಮೇಲೆ ಒಂದು ಸಂಖ್ಯೆ ಕೂಡಿಸುವ ಕ್ರಮ ಆಮೇಲೆ ಬಂತು. ‘ರೂಬಿ’, ‘ಸಫೈರ್’, ‘ಫೈರ್‌ರೆಡ್’ ಆಟಗಳು ಬಳಸಿದ್ದು ಆ ಕ್ರಮವನ್ನೇ: 1,10,35,15,245ರಿಂದ ಗುಣಿಸು, 24,691 ಕೂಡಿಸು, 32 ಬಿಟ್ ಉಳಿಸಿಕೊ. ಕಡಿಮೆಯೆಂದರೂ ಸೆಕೆಂಡಿಗೆ ಸುಮಾರು 60 ಸಲ ಈ ಸಾಲು ಮುಂದೆ ಸರಿಯುತ್ತಿರುತ್ತದೆ. ಆದ್ದರಿಂದ ಚೆಂಡು ಎಸೆಯಲು ನೀವು ಬಟನ್ ಒತ್ತಿದ ಕ್ಷಣಕ್ಕೆ ಬೆಲೆ ಇದೆ. ಸೆಕೆಂಡಿನ 60ನೇ ಒಂದು ಭಾಗ ತಡವಾಗಿದ್ದರೆ ಫಲ ಬೇರೆಯಾಗಬಹುದಿತ್ತು. ಅದೇ ತಲೆಮಾರಿನ ‘ಎಮರಾಲ್ಡ್’ ಆಟವಂತೂ ಪ್ರತಿ ಸಲ ಯಂತ್ರ ಹಾಕಿದಾಗಲೂ ಈ ಸಾಲನ್ನು ಸೊನ್ನೆಯಿಂದಲೇ ಆರಂಭಿಸುತ್ತದೆ. ಇದನ್ನು ಕಂಡುಕೊಂಡ ಆಟಗಾರರು ಸಮಯಮಾಪಕ ಇಟ್ಟುಕೊಂಡು ಬೇಕಾದ ಕ್ಷಣಕ್ಕೆ ಒತ್ತಿ ಬೇಕಾದ ಪ್ರಾಣಿಯನ್ನೇ ಪಡೆದಿದ್ದಾರೆ. ಅದು ನಂಬಿಕೆಯಲ್ಲ, ಗಣಿತ.

ಹಾಗಿದ್ದೂ ಅಲುಗಾಟದ ಹೊತ್ತಿಗೆ ಬೆರಳು ಬಟನ್‌ಗೆ ಹೋಗುವುದು ಯಾಕೆ? 1948ರಲ್ಲಿ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಹಸಿದ ಪಾರಿವಾಳಗಳಿಗೆ, ಅವು ಏನೇ ಮಾಡಲಿ, ನಿಗದಿತ ಅಂತರದಲ್ಲಿ ಕಾಳು ಸಿಗುವಂತೆ ಮಾಡಿದರು. ಎಂಟರಲ್ಲಿ ಆರು ಹಕ್ಕಿಗಳು ಒಂದೊಂದು ವಿಚಿತ್ರ ಚರ್ಯೆ ಬೆಳೆಸಿಕೊಂಡವು. ಒಂದು ಗಿರಗಿರ ಸುತ್ತುತ್ತಿತ್ತು, ಒಂದು ಗೂಡಿನ ಮೂಲೆಗೆ ತಲೆ ಚಾಚುತ್ತಿತ್ತು. ಕಾಳು ಬಂದಾಗ ತಾನು ಮಾಡುತ್ತಿದ್ದುದನ್ನೇ ಕಾರಣ ಎಂದುಕೊಂಡಿತು ಎಂದು ಸ್ಕಿನ್ನರ್ ವಿವರಿಸಿದರು. 1971ರಲ್ಲಿ ಸ್ಟ್ಯಾಡನ್ ಮತ್ತು ಸಿಮ್ಮಲ್‌ಹ್ಯಾಗ್ ಎಂಬ ಸಂಶೋಧಕರು ಈ ಪ್ರಯೋಗವನ್ನು ಮತ್ತೆ ಮಾಡಿ, ಆ ಚರ್ಯೆಗಳಲ್ಲಿ ಬಹುಪಾಲು ಊಟದ ನಿರೀಕ್ಷೆಯಲ್ಲಿರುವ ಹಕ್ಕಿಯ ಸಹಜ ವರ್ತನೆ ಎಂದು ತೋರಿಸಿದರು. ಆದ್ದರಿಂದ ಪಾರಿವಾಳದ ಕಥೆಯನ್ನು ಮನುಷ್ಯರಿಗೆ ನೇರ ಅಂಟಿಸುವ ಬರಹಗಳ ಬಗ್ಗೆ ನನಗೆ ಅನುಮಾನವಿದೆ. ಹೆಚ್ಚು ಹತ್ತಿರದ್ದು 2009ರಲ್ಲಿ ಕೇಂಬ್ರಿಜ್‌ನ ಲ್ಯೂಕ್ ಕ್ಲಾರ್ಕ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ. ಜೂಜಿನ ಯಂತ್ರದ ಮಾದರಿಯ ಆಟದಲ್ಲಿ ‘ಸ್ವಲ್ಪದರಲ್ಲೇ ತಪ್ಪಿದ’ ಸೋಲು ಮಿದುಳಿನಲ್ಲಿ ಗೆಲುವಿಗೆ ಸ್ಪಂದಿಸುವ ಭಾಗಗಳನ್ನೇ ಎಚ್ಚರಿಸಿತು. ಇನ್ನೂ ಮುಖ್ಯವಾದ ಸಂಗತಿ: ಅಂಥ ಸೋಲು ಮತ್ತೆ ಆಡುವ ಆಸೆಯನ್ನು ಹೆಚ್ಚಿಸಿದ್ದು ಪಣದ ಆಯ್ಕೆಯನ್ನು ಆಟಗಾರ ತಾನೇ ಮಾಡಿದ್ದಾಗ ಮಾತ್ರ. ಮೂರು ಸಲ ಅಲುಗಿ ಒಡೆಯುವ ಚೆಂಡು ಅಂಥ ಸೋಲೇ. ಕೈಯಲ್ಲಿ ಬಟನ್ ಇದ್ದಾಗ ಅದು ತನ್ನದೇ ಸೋಲು ಎನ್ನಿಸುತ್ತದೆ.

ಬಟನ್‌ಗಿಂತ ಹೆಚ್ಚು ಜನರನ್ನು ಕಾಡುವ ಇನ್ನೊಂದು ನಂಬಿಕೆ, ‘ಇಷ್ಟು ಚೆಂಡು ಹಾಳಾಯಿತು, ಇನ್ನೇನು ಸಿಗುತ್ತದೆ’ ಎನ್ನುವುದು. ಹಿಂದಿನ ಸೋಲುಗಳನ್ನು ಚೆಂಡು ನೆನಪಿಟ್ಟುಕೊಳ್ಳುವುದಿಲ್ಲ. 240ಕ್ಕೆ 1ರ ಮ್ಯೂಟೂಗೆ 240 ಚೆಂಡು ಎಸೆದರೂ ಸಿಗದೇ ಇರುವವರು ನೂರಕ್ಕೆ 37 ಮಂದಿ.

ಫೋನಿನಲ್ಲಿ ಆಡುವ ‘ಪೋಕೆಮಾನ್ ಗೋ’ ಬಂದ ಮೇಲೆ, ಆಟಗಾರನ ಕೈಯ ಉಪಾಯಕ್ಕೆ ಬೆಲೆಯಿಲ್ಲ ಎಂಬ ಮಾತಿಗೆ ಒಂದು ತಿದ್ದುಪಡಿ ಬೇಕಾಯಿತು. 2016ರ ಜುಲೈನಲ್ಲಿ ಬಂದು, ಡಿಸೆಂಬರ್‌ನಲ್ಲಿ ಭಾರತಕ್ಕೂ ಅಧಿಕೃತವಾಗಿ ಕಾಲಿಟ್ಟ ಆ ಆಟದಲ್ಲಿ ಕೈಚಳಕಕ್ಕೆ ನಿಜವಾಗಿ ಬೆಲೆ ಇದೆ. ಚೆಂಡನ್ನು ತಿರುಗಿಸಿ ಬಾಗಿಸಿ ಎಸೆದರೆ, ಸುತ್ತಿನ ನಡುವೆ ಬೀಳಿಸಿದರೆ ಸಂಭವ ಏರುತ್ತದೆ. ಹಳೆಯ ಆಟದ ಉಪಾಯಗಳಿಗೆ ಇದನ್ನು ಸಾಕ್ಷಿಯಾಗಿ ತೋರಿಸುವ ವಿಡಿಯೊಗಳನ್ನು ನಂಬಬೇಡಿ; ಎರಡೂ ಬೇರೆ ಬೇರೆ ಲೆಕ್ಕಗಳು.

ಪ್ರಶ್ನೆ ಕೇಳಿದ ಓದುಗರಿಗೆ ನನ್ನ ಸಲಹೆ: ಮಗನ ಬಾಯಿ ಮುಚ್ಚಿಸಲು ಈ ಲೇಖನ ತೋರಿಸಬೇಡಿ. ಅವನ ಕೈಗೆ ಒಂದು ನೋಟ್‌ಬುಕ್ ಕೊಡಿ. ‘ಫೈರ್‌ರೆಡ್’ನಲ್ಲಿ ರಟಾಟಾ ಎಂಬ ಇಲಿಗೆ, ಒಂದೂ ಏಟು ಕೊಡದೆ, ಸಾದಾ ಚೆಂಡನ್ನು ಬಿ ಒತ್ತಿ ಹಿಡಿದು 100 ಸಲ, ಒತ್ತದೆ 100 ಸಲ ಎಸೆಯಲಿ. ಎರಡೂ ಪಟ್ಟಿಗಳಲ್ಲಿ 33ರ ಆಸುಪಾಸು ಇಲಿಗಳು ಸಿಗುತ್ತವೆ. ಎರಡರ ನಡುವಿನ ವ್ಯತ್ಯಾಸ 13ರೊಳಗೆ ಇದ್ದರೆ ಅದು ಬರೀ ಆಕಸ್ಮಿಕದಿಂದಲೇ ಬರಬಹುದಾದಷ್ಟು. ಬಟನ್‌ನ ಪರವಾಗಿ ಅದನ್ನು ಸಾಕ್ಷಿಯೆಂದು ಎಣಿಸುವಂತಿಲ್ಲ.