ಎದ್ದು ಎದ್ದೀತಾ?

ದನದ ವ್ಯಾಪಾರದಲ್ಲಿ "ಈ ಎದ್ದು ಎದ್ದೀತಾ?" ಅಂದರೆ ಮಾರುವವನಿಗೆ ಮೈ ಉರಿಯುತ್ತದೆ. ಎದ್ದು ತೆಲುಗಿನದು, ಎತ್ತು, ಎದ್ದೀತಾ ನಮ್ಮದು. ನೊಗ ಹೂಡಿದರೆ ಮಲಗೋ ಎತ್ತು ಅಂತ ಬಾಯಿಬಿಟ್ಟು ಹೇಳದೆ ಬೆಲೆ ಇಳಿಸುವ ಮಾತು.

1953ರಲ್ಲಿ ಬಳ್ಳಾರಿ ಮೈಸೂರಿಗೆ ಬಂದಾಗ ರಾಯದುರ್ಗ ಅನಂತಪುರ ಜಿಲ್ಲೆಗೆ ಹೋಯಿತು. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಈ ಸೀಮೆಯ ಕೊಂಕಿಗೆ, ತೆಲುಗಿನವರ ಎತ್ತಿಪೊಡುಪಿಗೆ, ಎರಡೂ ನುಡಿ ಬಂಡವಾಳ. ಪಂಡಿತರು ಶ್ಲೇಷೆ ಅನ್ನಲಿ ಬಿಡಿ.

ಹಕಾರ ನುಂಗುವವರ ಬಾಯಲ್ಲಿ ಹಾವು "ಆವು" ಆಗುತ್ತದೆ. ತೆಲುಗಿನಲ್ಲಿ ಆವು ಅಂದರೆ ಹಸು. ಒದೆಯೋ ಹಸುವಿನ ಮುಂದೆ ನಿಂತು "ನಿಮ್ಮ ಆವು ಕಚ್ಚಲ್ಲ ತಾನೇ ಮಾವಾ?" ಅಂದರೆ ನಕ್ಕು ಸುಮ್ಮನಾಗಬಹುದು.

ಪಾಲು ಹಾಗಲ್ಲ. ಕನ್ನಡದಲ್ಲಿ ಭಾಗ, ತೆಲುಗಿನಲ್ಲಿ ಭಾಗವೂ ಹೌದು, ಹಾಲೂ ಹೌದು. ಜಮೀನಿನ ತಕರಾರಿರೋ ಮನೆಗೆ ಹೋಗಿ "ಏನಣ್ಣಾ, ತಮ್ಮಂಗೆ ಪಾಲು ಕೊಡ್ತಾ ಇದೀಯಾ?" ಅಂದು ನೋಡಿ. ಪಂಚಾಯಿತಿಗೆ ಎಳೆದರೂ "ಹಾಲಿನ ವಿಷಯ ಕೇಳಿದೆ ಸ್ವಾಮಿ" ಅಂತ ಜಾರಿಕೊಳ್ಳಬಹುದು. ಸಾಕ್ಷಿ ಎಲ್ಲಿಂದ ತರೋದು? ನೇರ ಕೇಳಿದ್ದರೆ ಆವತ್ತೇ ಜಗಳ.

ಅಣ್ಣನೂ ಘಾಟಿಯಾದರೆ ನಿಧಾನಕ್ಕೆ ಹೇಳ್ತಾನೆ: "ಎಮ್ಮೆ ಇನ್ನೂ ಅಪ್ಪನ ಹೆಸರಲ್ಲೇ ಐತೆ ಕಣಪ್ಪಾ."