ಕರಿ ಟೋಪಿಗೆ ಬೆದರಿದ ಕುದುರೆ

ದಾವಣಗೆರೆಯಿಂದ ಪಿಯುಸಿ ಓದುತ್ತಿರುವ ಹುಡುಗಿಯೊಬ್ಬಳು ಪತ್ರ ಬರೆದಿದ್ದಾಳೆ. ಅವಳು ನೋಡುವ ವಿದೇಶಿ ಧಾರಾವಾಹಿಯೊಂದರಲ್ಲಿ ಹದಿಹರೆಯದ ನಾಯಕಿ, ಹೊಡೆತ ತಿಂದು ಹುಚ್ಚೆದ್ದ ಕುದುರೆಗಳ ಹತ್ತಿರ ಹೋಗಿ, ಕಿವಿಯಲ್ಲಿ ಏನೋ ಉಸುರಿ, ಅರ್ಧ ಗಂಟೆಯೊಳಗೆ ಅವನ್ನು ಸಾಧು ಮಾಡಿಬಿಡುತ್ತಾಳಂತೆ. ‘ಇದು ನಿಜಕ್ಕೂ ಆಗುವ ಮಾತೇ? ಇಲ್ಲ, ನಮ್ಮಜ್ಜ ಹೇಳುವ ಹಾಗೆ ಕುದುರೆಯ ಗುಣ ಅದರ ಸುಳಿಯಲ್ಲೇ ಇರುತ್ತದೆಯೇ?’ ಎಂದು ಕೇಳಿದ್ದಾಳೆ. ಈ ಎರಡು ಪ್ರಶ್ನೆಗೂ ಉತ್ತರ ಒಬ್ಬರೇ ವಿಜ್ಞಾನಿಯ ಬದುಕಿನಲ್ಲಿ ಸಿಗುತ್ತದೆ. ಅದಕ್ಕೇ ಈ ಪತ್ರ ಬಂದ ದಿನದಿಂದ ನನಗೆ ಹಿಗ್ಗು.

ಆ ವಿಜ್ಞಾನಿಯ ಹೆಸರು ಟೆಂಪಲ್ ಗ್ರ್ಯಾಂಡಿನ್. 1947ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಹುಟ್ಟಿದವರು. ಮೂರು ವರ್ಷ ದಾಟಿದರೂ ಮಾತು ಬಂದಿರಲಿಲ್ಲ. ಆಟಿಸಂ ಇದ್ದ ಮಗು. ಇಂಥ ಮಕ್ಕಳನ್ನು ಯಾವುದಾದರೂ ಆಶ್ರಯಧಾಮಕ್ಕೆ ಸೇರಿಸಿ ಮರೆತುಬಿಡುತ್ತಿದ್ದ ಕಾಲ ಅದು. ತಾಯಿ ಒಪ್ಪಲಿಲ್ಲ, ಹಟ ಹಿಡಿದು ಓದಿಸಿದರು. ಹದಿನಾಲ್ಕರ ಆಸುಪಾಸಿನಲ್ಲಿ, ಚುಡಾಯಿಸಿದ ಸಹಪಾಠಿಯ ಮೇಲೆ ಪುಸ್ತಕ ಎಸೆದಳೆಂದು ಶಾಲೆಯಿಂದ ಹೊರಹಾಕಿದರು. ಆಮೇಲೆ ಸೇರಿದ್ದು ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಹಳ್ಳಿಗಾಡಿನ ಒಂದು ವಸತಿಶಾಲೆ. ಅಲ್ಲಿ ಕುದುರೆ ಲಾಯವಿತ್ತು.

ಲಾಯದಲ್ಲಿದ್ದ ಕುದುರೆಗಳ ಕತೆಯೂ ವಿಚಿತ್ರ. ಶಾಲೆ ಅವನ್ನು ಅಗ್ಗಕ್ಕೆ ಕೊಂಡಿತ್ತು. ಅಗ್ಗ ಯಾಕೆಂದರೆ ಅವುಗಳಲ್ಲಿ ಹಲವಕ್ಕೆ ಮನಸ್ಸು ಕೆಟ್ಟಿತ್ತು. ಮೈಕಟ್ಟು ಚೆಂದ, ಕಾಲು ಗಟ್ಟಿ, ಒಳಗೆ ಮಾತ್ರ ಭಯ. ಲೇಡಿ ಎಂಬ ಕುದುರೆ ಆವರಣದೊಳಗೆ ಸರಿಯಾಗಿಯೇ ಇರುತ್ತಿತ್ತು. ಕಾಡುದಾರಿಗೆ ಕರೆದೊಯ್ದರೆ ಕುಣಿದಾಡಿ ಲಾಯದ ಕಡೆ ಓಟ ಕೀಳಲು ನೋಡುತ್ತಿತ್ತು. ಬ್ಯೂಟಿ ಎಂಬುದು ಹತ್ತಹೋದವರನ್ನು ಒಂದು ಕಡೆ ಒದೆಯುತ್ತ ಇನ್ನೊಂದು ಕಡೆ ಕಚ್ಚುತ್ತಿತ್ತು. ಎಲ್ಲಕ್ಕಿಂತ ಕರುಣೆ ಹುಟ್ಟಿಸುವುದು ಗೋಲ್ಡಿಯ ಸ್ಥಿತಿ. ಹೊಂಬಣ್ಣದ ಅಯಾಲಿನ ಸುಂದರ ಹೆಣ್ಣು ಕುದುರೆ. ಹಗ್ಗ ಹಿಡಿದು ನಡೆಸಬಹುದು, ಮೈ ಉಜ್ಜಬಹುದು, ಏನು ಮಾಡಿದರೂ ಸುಮ್ಮನೆ ನಿಲ್ಲುತ್ತಿತ್ತು. ಬೆನ್ನ ಮೇಲೆ ಯಾರಾದರೂ ಕೂತರೆ ಮುಗಿಯಿತು: ಮುಂಗಾಲೆತ್ತಿ ನಿಲ್ಲುವುದು, ಧುಮುಕುವುದು, ಐದೇ ನಿಮಿಷದಲ್ಲಿ ಮೈಯೆಲ್ಲ ಬೆವರಿ ತೊಪ್ಪೆಯಾಗುವುದು. ಅದು ದುಡಿತದ ಬೆವರಲ್ಲ, ಹೆದರಿಕೆಯ ಬೆವರು ಎಂದು ಟೆಂಪಲ್ ಮುಂದೆ ಬರೆದರು.

ಹುಡುಗಿ ಪಾಠ ಬಿಟ್ಟಳು, ಲಾಯ ಬಿಡಲಿಲ್ಲ. ಲದ್ದಿ ಬಾಚಿದಳು, ಹುಲ್ಲು ಹಾಕಿದಳು, ತಡಿ ಲಗಾಮುಗಳನ್ನು ತಿಕ್ಕಿ ರಿಪೇರಿ ಮಾಡಿದಳು. ಅವಳಿಗೂ ಹರೆಯ ಬಂದಾಗಿನಿಂದ ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುವ ಭಯದ ದಾಳಿಗಳು ಶುರುವಾಗಿದ್ದವು. ಯಾರ ಜೊತೆಗಾದರೂ ಹೊಡೆದಾಡಿದರೆ ಶಾಲೆ ಕೊಡುತ್ತಿದ್ದ ಶಿಕ್ಷೆ ಕುದುರೆ ಸವಾರಿ ಬಂದ್. ಆ ಒಂದು ಶಿಕ್ಷೆಯ ಅಂಜಿಕೆಗೆ ಅವಳು ಕೈ ಎತ್ತುವುದನ್ನೇ ಬಿಟ್ಟಳು. ಸಿಟ್ಟು ಬಂದರೆ ಅತ್ತು ಹಗುರಾಗುತ್ತಿದ್ದಳು. ಕುದುರೆಗಳನ್ನು ಅವಳು ನೋಡಿಕೊಂಡಷ್ಟೇ ಅವಳನ್ನು ಕುದುರೆಗಳು ನೋಡಿಕೊಂಡವು.

ಇನ್ನು ವಿಜ್ಞಾನಕ್ಕೆ ಬರೋಣ. ಕುದುರೆ ಹುಲ್ಲು ತಿನ್ನುವ, ಓಡಿ ಬದುಕುವ ಪ್ರಾಣಿ. ತಲೆಯ ಎರಡು ಪಕ್ಕದಲ್ಲಿರುವ ದೊಡ್ಡ ಕಣ್ಣುಗಳಿಂದ ಸುಮಾರು 350 ಡಿಗ್ರಿ ನೋಟ ಸಿಗುತ್ತದೆ. ಹಣೆಯ ನೇರ ಮುಂದೆ ಹಾಗೂ ಬಾಲದ ಹಿಂದೆ ಮಾತ್ರ ಕುರುಡು. ಕಿವಿಗಳು ಒಂದೊಂದೂ ಬೇರೆ ದಿಕ್ಕಿಗೆ ತಿರುಗುತ್ತವೆ. ಅನುಮಾನ ಬಂತೋ, ಮೊದಲು ಓಟ, ಯೋಚನೆ ಆಮೇಲೆ. ಇದು ಶಾಲಾ ಪುಸ್ತಕದಲ್ಲೂ ಸಿಗುವ ಸಂಗತಿ, ಬೆಳೆಸುವುದಿಲ್ಲ. ನಾನು ಹೇಳಬೇಕೆಂದಿರುವುದು ಆ ಭಯ ತಲೆಯೊಳಗೆ ಯಾವ ರೂಪದಲ್ಲಿ ಕೂತಿರುತ್ತದೆ ಎಂಬುದನ್ನು.

ಟೆಂಪಲ್ ಗ್ರ್ಯಾಂಡಿನ್ ದೊಡ್ಡವರಾಗಿ ಪ್ರಾಣಿ ವರ್ತನೆಯ ವಿಜ್ಞಾನಿಯಾದ ಮೇಲೆ ವಿವರಿಸಿದ ಒಂದು ಕುದುರೆ ಇದೆ. ಅದಕ್ಕೆ ಕರಿ ಬಣ್ಣದ ಕೌಬಾಯ್ ಟೋಪಿ ಕಂಡರೆ ಆಗುತ್ತಿರಲಿಲ್ಲ. ಬಿಳಿ ಟೋಪಿ ಹಾಕಿದವರು ಬಂದರೆ ತಕರಾರಿಲ್ಲ. ಕ್ರಿಕೆಟ್ ಆಟಗಾರರು ಹಾಕುವಂಥ ಕ್ಯಾಪ್ ಆದರೂ ಚಿಂತೆಯಿಲ್ಲ. ಅಗಲ ಅಂಚಿನ ಕರಿ ಟೋಪಿಯೇ ಬರಬೇಕು ಅದರ ಜೀವ ಹಾರಲು. ಅದೇ ಕರಿ ಟೋಪಿಯನ್ನು ನೆಲದ ಮೇಲಿಟ್ಟರೆ ಭಯ ಕಡಿಮೆ. ಕೈಯಲ್ಲಿ ಹಿಡಿದು ಮೆಲ್ಲಗೆ ತಲೆಯ ಹತ್ತಿರ ತಂದಂತೆ ಕುದುರೆಯ ಕತ್ತೂ ಮೇಲೇರುತ್ತಿತ್ತು. ಹಿಂದೊಮ್ಮೆ ಪಶುವೈದ್ಯ ಚಿಕಿತ್ಸೆಯ ಹೊತ್ತಿನಲ್ಲಿ ಅದರ ಕಣ್ಣಿಗೆ ಆಲ್ಕೊಹಾಲ್ ಬಿದ್ದಿತ್ತು. ಕಣ್ಣು ಉರಿಯುವ ಆ ಕ್ಷಣದಲ್ಲಿ ಎದುರಿಗಿದ್ದದ್ದು ಕರಿ ಟೋಪಿ.

ಇದನ್ನು ಮೊದಲು ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಾವಾಗಿದ್ದರೆ ‘ಡಾಕ್ಟರರಿಂದ ನೋವಾಯಿತು’ ಎಂದು ನೆನಪಿಟ್ಟುಕೊಳ್ಳುತ್ತಿದ್ದೆವು. ಕುದುರೆಗೆ ಡಾಕ್ಟರ್ ಎಂಬ ಕಲ್ಪನೆಯಿಲ್ಲ, ಕಾರಣ ಹೇಳುವ ಮಾತಿಲ್ಲ. ನೋವಾದ ಗಳಿಗೆಯಲ್ಲಿ ಕಣ್ಣು ಕಂಡ ಚಿತ್ರ, ಕಿವಿ ಕೇಳಿದ ಸದ್ದು, ಬಾಯಿಗೆ ತಾಗಿದ ಕಬ್ಬಿಣ ಇವೇ ಅದರ ನೆನಪು. ತನಗೂ ಯೋಚನೆ ಬರುವುದು ಚಿತ್ರಗಳಲ್ಲೇ, ಮಾತಿನಲ್ಲಲ್ಲ, ಆದ್ದರಿಂದ ಪ್ರಾಣಿಗಳ ಈ ನೆನಪಿನ ರೀತಿ ತನಗೆ ಬೇಗ ಹೊಳೆಯಿತು ಎನ್ನುತ್ತಾರೆ ಟೆಂಪಲ್. ಒಂದು ಬಗೆಯ ಕಡಿವಾಣದಿಂದ ಬಾಯಿ ಹರಿಸಿಕೊಂಡ ಕುದುರೆ ಬೇರೆ ಬಗೆಯ ಕಡಿವಾಣ ಹಾಕಿದರೆ ಸವಾರಿಗೆ ಒಪ್ಪಬಹುದು ಎಂಬ ಅವರ ಸಲಹೆಯ ಹಿಂದಿರುವುದು ಇದೇ ತಿಳಿವಳಿಕೆ. ನಾಲಿಗೆಗೆ ಗೊತ್ತಾಗುವ ಸ್ಪರ್ಶ ಬೇರೆಯಾದರೆ ಹಳೆಯ ಚಿತ್ರ ಮೇಲೇಳುವುದಿಲ್ಲ.

ಹಾಗಾದರೆ ಆ ಚಿತ್ರವನ್ನು ಅಳಿಸಲು ಬರುತ್ತದೆಯೇ? ಬರುವುದಿಲ್ಲ. ಧಾರಾವಾಹಿಗಳು ತಪ್ಪುವುದು ಇಲ್ಲಿಯೇ. ಮಿದುಳಿನ ಒಳಗೆ ಅಮಿಗ್ಡಲಾ ಎಂಬ ಪುಟ್ಟ ಭಾಗವಿದೆ. ಸಸ್ತನಿಗಳಲ್ಲಿ ಭಯದ ನೆನಪು ಬೇರು ಬಿಡುವುದು ಅಲ್ಲಿ. ಅಪಾಯವಿಲ್ಲದೆ ಮತ್ತೆ ಮತ್ತೆ ಅದೇ ವಸ್ತು ಎದುರಾದರೆ ಭಯ ತಗ್ಗುತ್ತದೆ, ನಿಜ. ಆದರೆ ತಗ್ಗುವುದು ಹೊಸ ಕಲಿಕೆಯೊಂದು ಹಳೆಯದನ್ನು ಅದುಮಿ ಹಿಡಿಯುವುದರಿಂದ. ಹೊಸ ಡಾಂಬರು ರಸ್ತೆ ಆದಮೇಲೂ ಹಳೆಯ ಕಾಲುದಾರಿ ಹೊಲದ ನಡುವೆ ಉಳಿದೇ ಇರುವ ಹಾಗೆ, ಹಳೆಯ ಭಯವೂ ಉಳಿದಿರುತ್ತದೆ. ಗಾಬರಿಯ ಒಂದು ದಿನ ಬಂದರೆ ಕುದುರೆ ಮತ್ತೆ ಅದೇ ದಾರಿ ಹಿಡಿಯುತ್ತದೆ. ‘ವಾಸಿಯಾದ’ ಕುದುರೆ ಎಂದರೆ ಸುರಕ್ಷಿತ ಅನುಭವಗಳನ್ನು ದಿನವೂ ಕೂಡಿಹಾಕಿಕೊಳ್ಳುತ್ತಿರುವ ಕುದುರೆ. ಅದಕ್ಕೆ ತಿಂಗಳುಗಳು ಬೇಕು, ಕೆಲವಕ್ಕೆ ವರ್ಷಗಳು. ಗೋಲ್ಡಿಯ ಮೇಲೆ ಸವಾರಿ ಸಾಧ್ಯವೇ ಇರಲಿಲ್ಲ ಎಂದು ಟೆಂಪಲ್ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಆ ಪ್ರಾಮಾಣಿಕತೆಗಾಗಿಯೇ ಅವರ ಉಳಿದ ಮಾತುಗಳನ್ನು ನಾನು ನಂಬುತ್ತೇನೆ.

ಮೈಸೂರಿನಲ್ಲಿ ದಸರೆಗೆ ಮುಂಚೆ ನಡೆಯುವ ಕುಶಾಲತೋಪಿನ ತಾಲೀಮು ನೋಡಿದವರಿಗೆ, ಭಯ ಹೀಗೆ ಮೆಲ್ಲಗೆ ತಗ್ಗುವುದು ಕಣ್ಣಿಗೆ ಕಂಡಿರುತ್ತದೆ. ಜಂಬೂಸವಾರಿಯ ದಿನ 21 ಸುತ್ತು ಫಿರಂಗಿ ಹಾರುತ್ತದೆ. ಆನೆಗಳ ಜೊತೆ ಅಶ್ವಾರೋಹಿ ಪೊಲೀಸ್ ದಳದ ಕುದುರೆಗಳೂ ಮೆರವಣಿಗೆಯಲ್ಲಿ ಇರುತ್ತವೆ. ಆ ದಿನ ಬೆದರಬಾರದೆಂದು ಮೊದಲೇ ಹಲವು ಸಲ ಸದ್ದು ಕೇಳಿಸುತ್ತಾರೆ. ಮೊದಲ ಸಿಡಿತಕ್ಕೆ ಕುದುರೆಗಳು ಅಡ್ಡಡ್ಡ ಹೆಜ್ಜೆ ಹಾಕಿ, ಕಿವಿ ಹಿಂದಕ್ಕೆ ಒತ್ತಿ, ಕಣ್ಣಿನ ಬಿಳಿ ತೋರಿಸುವುದನ್ನು ಕಂಡಿದ್ದೇನೆ. ಕೊನೆಯ ಸುತ್ತುಗಳ ಹೊತ್ತಿಗೆ ಹಳೆಯ ಕುದುರೆಗಳು ಬಾಲ ಮಾತ್ರ ಬೀಸುತ್ತಿದ್ದವು. ಹೊಸತೊಂದು ಆಗಲೂ ನಡುಗುತ್ತಿತ್ತು. ಸವಾರ ಬಯ್ಯದೆ, ಲಗಾಮು ಜಗ್ಗದೆ, ಅದರ ಕತ್ತಿನ ಬುಡವನ್ನು ಕೆರೆಯುತ್ತ ಕೂತಿದ್ದ.

ಆ ಸವಾರನಿಗೆ ಗೊತ್ತಿತ್ತೋ ಏನೋ, ಅವನ ಬೆರಳು ಸರಿಯಾದ ಜಾಗದಲ್ಲೇ ಇತ್ತು. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಮೆಲ್ಲಗೆ ಕೆರೆದುಕೊಳ್ಳುತ್ತವೆ; ಹೆಚ್ಚಾಗಿ ಕೆರೆಯುವುದು ಕತ್ತು ಬೆನ್ನಿಗೆ ಸೇರುವ ಉಬ್ಬಿನ ಆಸುಪಾಸು. ಫ್ರಾನ್ಸಿನ ಕಮಾರ್ಗ್ ಕುದುರೆಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅದೇ ಜಾಗವನ್ನು ಕೈಯಿಂದ ಕೆರೆದಾಗ ಹೃದಯ ಬಡಿತ ಇಳಿಯಿತು. ಬೇರೆ ಕಡೆ ಕೆರೆದರೆ ಆ ಪರಿಣಾಮ ಸಿಗಲಿಲ್ಲ. ಕಿವಿಯಲ್ಲಿ ಉಸುರುವ ಮಂತ್ರಕ್ಕಿಂತ ಇದು ಎಷ್ಟೋ ಮೇಲು. ಹಣೆ ತಟ್ಟುವುದು ನಮ್ಮವರ ಅಭ್ಯಾಸ. ಅದು ಕುದುರೆಗೆ ಕಾಣದ ಜಾಗದಿಂದ ಬರುವ ಕೈ ಎನ್ನುವುದು ನೆನಪಿರಲಿ.

ಮಂತ್ರ ಯಾವುದೂ ಇಲ್ಲವೆಂದರೂ ಮನುಷ್ಯನ ಮನಸ್ಸು ಕುದುರೆಗೆ ಮುಟ್ಟುವುದು ಸುಳ್ಳಲ್ಲ. 2009ರಲ್ಲಿ ಸ್ವೀಡನ್ನಿನ ಲಿಂಡಾ ಕೀಲಿಂಗ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ನನಗೆ ಅಚ್ಚುಮೆಚ್ಚು. ಕುದುರೆಗೂ ಅದನ್ನು ನಡೆಸುವವರಿಗೂ ಹೃದಯ ಬಡಿತ ಅಳೆಯುವ ಸಾಧನ ಕಟ್ಟಿದರು. ಒಂದು ತುದಿಯಿಂದ ಇನ್ನೊಂದು ತುದಿಗೆ ನಾಲ್ಕು ಸಲ ನಡೆಯಬೇಕು. ಕೊನೆಯ ಸಲಕ್ಕೆ ಮುಂಚೆ ಮನುಷ್ಯರಿಗೆ ಮಾತ್ರ ಒಂದು ಮಾತು ಹೇಳಿದರು: ‘ಈಗ ಕುದುರೆ ಹಾದುಹೋಗುವಾಗ ಫಕ್ಕನೆ ಛತ್ರಿ ಬಿಚ್ಚುತ್ತೇವೆ’. ಛತ್ರಿ ಬಿಚ್ಚಲೇ ಇಲ್ಲ. ಕುದುರೆಗೆ ಛತ್ರಿಯ ವಿಚಾರ ತಿಳಿಯುವ ದಾರಿಯೇ ಇರಲಿಲ್ಲ. ಆದರೂ ಮನುಷ್ಯರ ಎದೆಬಡಿತ ಏರಿದಾಗ ಕುದುರೆಗಳ ಎದೆಬಡಿತವೂ ಏರಿತು! ಹಗ್ಗ ಬಿಗಿಹಿಡಿದ ಕೈಯೋ, ಬದಲಾದ ಉಸಿರೋ, ಹೆಜ್ಜೆಯ ಗತಿಯೋ, ಯಾವುದೋ ಒಂದು ಸುಳಿವು ಸಾಕಾಯಿತು. ಕುದುರೆ ಸಿಟ್ಟಿನಿಂದ ಒದೆಯಿತು ಎಂದು ದೂರುವ ಎಷ್ಟೋ ಸಂದರ್ಭಗಳಲ್ಲಿ, ಮೊದಲು ಹೆದರಿದ್ದು ಹಗ್ಗದ ಈ ತುದಿಯಲ್ಲಿದ್ದವರು.

ಇನ್ನು ಅಜ್ಜನ ಸುಳಿ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ದುಂಡಗಿನ ಎತ್ತೊಂದನ್ನು ಹಲ್ಲು ನೋಡಿ, ನಡಿಗೆ ನೋಡಿ ಒಪ್ಪಿದವರು ಬೆನ್ನ ಮೇಲಿನ ಒಂದು ಸುಳಿ ಕಂಡು ಕೈಬಿಟ್ಟದ್ದನ್ನು ನೋಡಿದ್ದೇನೆ. ಕುದುರೆಗಳಿಗಂತೂ ಯಾವ ಸುಳಿ ಯಜಮಾನನಿಗೆ ಸಾವು ತರುತ್ತದೆ, ಯಾವುದು ರಾಜ್ಯ ತರುತ್ತದೆ ಎಂಬ ಪಟ್ಟಿಯೇ ಇತ್ತು. ತಲೆಯಲ್ಲಿ ಎರಡು ಸುಳಿಯಿದ್ದರೆ ಎರಡು ಮದುವೆ ಎಂದು ಮಕ್ಕಳಿಗೂ ಹೇಳುತ್ತೇವೆ. ಸುಮಾರು 1400ರಲ್ಲೇ ಅಭಿನವಚಂದ್ರ ಕನ್ನಡದಲ್ಲಿ ‘ಅಶ್ವವೈದ್ಯ’ ರಚಿಸಿದ ನಾಡು ನಮ್ಮದು. ಕುದುರೆಯ ಕಾಯಿಲೆಗೆ ಮದ್ದು ಹುಡುಕಿದವರ ನಾಡಿನಲ್ಲಿ ಅದರ ಕೂದಲು ತಿರುಗಿದ ದಿಕ್ಕಿಗೆ ಮನೆಯ ಸಾವುನೋವು ಗಂಟುಹಾಕುವುದು ಸರಿಯೇ?

ಸ್ವಾರಸ್ಯವೆಂದರೆ ಸುಳಿಯನ್ನು ಪ್ರಯೋಗಕ್ಕೆ ಒಡ್ಡಿದ್ದೂ ಟೆಂಪಲ್ ಗ್ರ್ಯಾಂಡಿನ್ ಅವರೇ. ಲಾಳ ಕಟ್ಟುವ ಕೆಲಸ ಮಾಡುತ್ತಿದ್ದ ಮಾರ್ಕ್ ಡೀಸಿಂಗ್ ಎಂಬಾತ, ಹಣೆಯ ಸುಳಿ ಮೇಲಿದ್ದ ಕುದುರೆಗಳು ಹೆಚ್ಚು ಚುರುಕು, ಹೆಚ್ಚು ಅಂಜುಬುರುಕು ಎಂದು ಗಮನಿಸಿದ್ದ. ಅವರಿಬ್ಬರೂ ಸಂಗಡಿಗರೊಂದಿಗೆ 1,000ಕ್ಕೂ ಹೆಚ್ಚು ದನಗಳನ್ನು ಪರೀಕ್ಷಿಸಿ 1995ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಣ್ಣುಗಳ ಮಟ್ಟಕ್ಕಿಂತ ಮೇಲೆ ಸುಳಿಯಿದ್ದ ದನಗಳು, ಕೆಳಗಿದ್ದವುಗಳಿಗಿಂತ, ಇಕ್ಕಟ್ಟಾದ ಚೌಕಟ್ಟಿನಲ್ಲಿ ಹಿಡಿದು ನಿಲ್ಲಿಸಿದಾಗ ಹೆಚ್ಚು ಕೊಸರಾಡಿದವು. ಭ್ರೂಣದಲ್ಲಿ ಚರ್ಮವೂ ನರಮಂಡಲವೂ ಒಂದೇ ಪದರದಿಂದ ಹುಟ್ಟುತ್ತವೆ, ಆದ್ದರಿಂದ ನಂಟು ಇರುವುದು ಅಸಂಭವವಲ್ಲ. ‘ನೋಡಿದಿರಾ, ಅಜ್ಜ ಹೇಳಿದ್ದೇ ಸರಿ’ ಎನ್ನಲು ಅವಸರಪಡಬೇಡಿ. ಇದು ಗುಂಪಿನ ಸರಾಸರಿ. ಒಂದು ಪ್ರಾಣಿಯ ಜಾತಕವಲ್ಲ. ಬೇಗ ಬೆದರುವ ಪ್ರಾಣಿಯನ್ನು ಇನ್ನಷ್ಟು ಮೆತ್ತಗೆ ನೋಡಿಕೊಳ್ಳಬೇಕು ಎಂದಷ್ಟೇ ಇದರಿಂದ ಕಲಿಯಬಹುದು. ಯಜಮಾನನ ಆಯಸ್ಸಿಗೂ ಸಾಲಕ್ಕೂ ಮಗಳ ಮದುವೆಗೂ ಅದಕ್ಕೆ ಎಳ್ಳಷ್ಟೂ ಸಂಬಂಧವಿಲ್ಲ. ‘ಕೆಟ್ಟ ಸುಳಿ’ ಎಂದು ಹಣೆಪಟ್ಟಿ ಹಚ್ಚಿಸಿಕೊಂಡ ಕುದುರೆ ಕೈಯಿಂದ ಕೈಗೆ ಮಾರಾಟವಾಗಿ, ಹೋದಲ್ಲೆಲ್ಲ ಅನುಮಾನದ ಏಟು ತಿಂದು, ಕೊನೆಗೆ ನಿಜಕ್ಕೂ ಒದೆಯುವ ಕುದುರೆಯಾಗುತ್ತದೆ. ಆಗ ಸುಳಿಯ ಮಾತೇ ನಿಜವಾಯಿತು ಎನ್ನುತ್ತೇವೆ. ಈ ಅನ್ಯಾಯಕ್ಕೆ ನನಗೆ ಸಿಟ್ಟು ಬರುತ್ತದೆ.

ಟೆಂಪಲ್ 1989ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಿಂದ ಪ್ರಾಣಿವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ಕೊಲರಾಡೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಜಾನುವಾರುಗಳು ಬೆದರದೆ ಸಾಗುವ ಬಾಗಿದ ಓಣಿಗಳನ್ನು ವಿನ್ಯಾಸ ಮಾಡಿದರು. ಓಣಿಯಲ್ಲಿ ತೂಗುವ ಒಂದು ಸರಪಳಿ, ಬೇಲಿಯ ಮೇಲೆ ಮರೆತ ಒಂದು ಅಂಗಿ, ನೀರಿನ ಮೇಲೆ ಮಿನುಗುವ ಬಿಸಿಲು ಇವೇ ದನಗಳನ್ನು ನಿಲ್ಲಿಸುತ್ತವೆ ಎಂದು ತೋರಿಸಿಕೊಟ್ಟರು. ಗೋಲ್ಡಿಯ ಬೆವರು ಒರೆಸಿದ ಹುಡುಗಿಗೆ ಇದು ಕಾಣದೆ ಇನ್ಯಾರಿಗೆ ಕಂಡೀತು?

ಇಂಥ ಬೆದರಿಕೆ ನಮ್ಮ ಮದುವೆಗಳಲ್ಲೂ ಕಾಣುತ್ತದೆ. ದಿಬ್ಬಣದ ಕುದುರೆಯ ಮುಂದೆ ಬ್ಯಾಂಡು, ಪಕ್ಕದಲ್ಲಿ ಜನರೇಟರ್, ಕಾಲ ಬುಡದಲ್ಲಿ ಪಟಾಕಿ ಸರ ಇರುತ್ತವೆ. ನಿಮ್ಮ ಮನೆಯ ದಿಬ್ಬಣದಲ್ಲಿ ಕುದುರೆ ಬೇಡವೆಂದರೆ ಅತ್ಯುತ್ತಮ. ಬಂದೇಬಿಟ್ಟಿದ್ದರೆ ಪಟಾಕಿಯನ್ನು ದೂರ ಇಡಿಸಿ, ಮಕ್ಕಳನ್ನು ಅದರ ಹಿಂದೆ ನಿಲ್ಲಲು ಬಿಡಬೇಡಿ, ಕುದುರೆ ಹಿಡಿದವನು ಚಾವಟಿ ಎತ್ತಿದರೆ ತಡೆಯಿರಿ. ಹತ್ತಿರ ಹೋಗುವಾಗ ಹೆಗಲಿನ ಪಕ್ಕದಿಂದ, ಮೆಲ್ಲಗೆ ಮಾತಾಡುತ್ತ ಹೋಗಿ, ಕತ್ತಿನ ಬುಡ ಕೆರೆಯಿರಿ.